ತೂಕದಪ್ಪನ ನಾಲಿಗೆ

ತೂಕದಪ್ಪನ ಅಭಿಪ್ರಾಯವನ್ನು ಅವನ ಐವತ್ತೆರಡು ವರ್ಷದ ಆಯುಷ್ಯದಲ್ಲಿ ಯಾರೂ ಒಮ್ಮೆಯೂ ಕೇಳಿರಲಿಲ್ಲ. ಮನೆಗೆ ಬಣ್ಣ ಹೊಡೆಸುವಾಗ ಯಾವ ಬಣ್ಣ ಇರಲಿ ಎಂದು ಅವನ ಹೆಂಡತಿ ಪಕ್ಕದ ಮನೆಯ ದರ್ಜಿಯನ್ನು ಕೇಳಿದ್ದಳು. ಅವನ ಕನ್ನಡಕಕ್ಕೆ ಫ್ರೇಮು ಆರಿಸಿದ್ದು ಅವನ ಅತ್ತೆ. ವೈನ್ ಕಾರ್ಖಾನೆಯ ಗೇಟಿನಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸವೂ ಅಂಥದ್ದೇ. ದ್ರಾಕ್ಷಿ ತುಂಬಿದ ಗಾಡಿ ಬಂದು ನೆಲದ ಮೇಲಿನ ದೊಡ್ಡ ತೂಕದ ಹಲಗೆ ಹತ್ತಿ ನಿಲ್ಲುತ್ತದೆ, ಅವನ ಕೋಣೆಯ ಡಬ್ಬಿಯಲ್ಲಿ ಕೆಂಪು ಅಂಕಿ ಮಿನುಗುತ್ತದೆ, ಅಂಕಿಯನ್ನು ಚೀಟಿಗೆ ಇಳಿಸಿ ಕೊಟ್ಟರೆ ಮುಗಿಯಿತು. ಅಂಕಿಯೇ ಮಾತಾಡುವ ಜಾಗದಲ್ಲಿ ಇವನ ಮಾತು ಯಾರಿಗೆ ಬೇಕು? ನಿಜವಾದ ಹೆಸರೂ ಎಲ್ಲರಿಗೂ ಮರೆತುಹೋಗಿ ಅವನು ಬರೀ ತೂಕದಪ್ಪನಾಗಿದ್ದ.

ಇಂಥವನನ್ನು ಒಂದು ಮಧ್ಯಾಹ್ನ ಅಭಿಪ್ರಾಯ ಕೇಳಿದರು. ಅನಾಹುತ ಶುರುವಾದದ್ದೇ ಅಲ್ಲಿಂದ.

ಅವತ್ತು ಕಾರ್ಖಾನೆಯ ಯಜಮಾನರು ಒಬ್ಬ ವ್ಯಾಪಾರಿಯನ್ನು ಬೀಳ್ಕೊಡಲು ಗೇಟಿನ ತನಕ ಬಂದಿದ್ದರು. ಬೀಳ್ಕೊಡುವುದು ಎಂದರೆ ಜಗಳದ ಕೊನೆಯ ಭಾಗ. ಹೋದ ವರ್ಷದ ಬಿಳಿ ವೈನಿನಲ್ಲಿ ಏನೋ ಐಬಿದೆ ಎಂದು ವ್ಯಾಪಾರಿ, ಐಬಿರುವುದು ನಿಮ್ಮ ಬಾಯಲ್ಲಿ ಎಂದು ಯಜಮಾನರು. ಮಾತಿಗೆ ಮಾತು ಬೆಳೆದು ಯಜಮಾನರು ಕೈಯಲ್ಲಿದ್ದ ಬಾಟಲಿಯ ಬಿರಡೆ ಕಿತ್ತು, ತೂಕದಪ್ಪನ ಮೇಜಿನ ಮೇಲಿದ್ದ ನೀರಿನ ಲೋಟ ಖಾಲಿ ಮಾಡಿ, ಅದಕ್ಕೆ ಅರ್ಧ ವೈನು ಸುರಿದು ಅವನ ಮುಖದ ಮುಂದೆ ಹಿಡಿದರು.

"ತಗೋ ಕುಡಿಯಯ್ಯಾ! ನೀನೇ ಹೇಳು ಹೇಗಿದೆ ಅಂತ. ಗೇಟಿನವನಿಗೂ ಗೊತ್ತಾಗೋ ರುಚಿ ಇವರಿಗೆ ಗೊತ್ತಾಗಲ್ವಂತೆ!"

ತೂಕದಪ್ಪನಿಗೆ ಆಗ ವಿಪರೀತ ಹಲ್ಲುನೋವು. ಯಾರೋ ಹೇಳಿದರೆಂದು ಬೆಳಿಗ್ಗೆಯಿಂದ ದ್ರಾಕ್ಷಿ ಚಿಗುರು ಜಗಿಯುತ್ತಿದ್ದ. ಯಜಮಾನರು ಕೊಟ್ಟದ್ದನ್ನು ಬೇಡವೆನ್ನಲಾದೀತೆ? ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಅದು ನೇರ ಹೋಗಿ ಹುಳುಕು ಹಲ್ಲಿಗೆ ತಗುಲಿತು. ಪ್ರಾಣ ನೆತ್ತಿಗೇರಿತು. ಕಣ್ಣು ಮುಚ್ಚಿದ, ಕೆನ್ನೆ ಉಬ್ಬಿಸಿದ, ವೈನನ್ನು ಎಡಗಡೆಯಿಂದ ಬಲಗಡೆಗೆ ಓಡಿಸಿದ, ಕತ್ತು ವಾಲಿಸಿದ. ಕಣ್ಣಂಚಿನಲ್ಲಿ ನೀರು ಜಿನುಗಿತು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಚೂರನ್ನು ನಾಲಿಗೆಯಿಂದ ಮೀಟುತ್ತಾ ನರಳುವ ದನಿಯಲ್ಲಿ ಅಂದ:

"ಎಲೆ..."

ವ್ಯಾಪಾರಿ ಒಂದಡಿ ಮೇಲಕ್ಕೆ ಹಾರಿದ. "ಎಲೆ! ಹಸಿ ಎಲೆ ವಾಸನೆ! ಅರ್ಧ ಗಂಟೆಯಿಂದ ನಾನು ಹುಡುಕ್ತಿದ್ದ ಮಾತು ಇದೇ ಕಣ್ರೀ!"

ಯಜಮಾನರ ಮುಖದ ಬಣ್ಣ ಇಳಿಯಿತು. ಹೋದ ವರ್ಷ ಮಳೆ ಬರುತ್ತದೆಂದು ಹೆದರಿ ಅವಸರದಲ್ಲಿ ಹಣ್ಣು ಬಿಡಿಸಿ, ಅದರ ಜೊತೆ ಎಲೆಯೂ ತೊಟ್ಟಿಗೆ ಬಿದ್ದದ್ದು ಅವರಿಗೆ ಮತ್ತು ಅವರ ಮನಸ್ಸಾಕ್ಷಿಗೆ ಮಾತ್ರ ಗೊತ್ತಿತ್ತು.

"ಅಲ್ಲ ಯಜಮಾನ್ರೇ, ಹಲ್ಲಿಗೆ..." ಎಂದು ತೂಕದಪ್ಪ ಬಾಯಿ ತೆರೆದ.

"ಸುಮ್ನಿರು. ಮಾತಾಡಿ ಆ ನಾಲಿಗೇನ ದಣಿಸಬೇಡ," ಎಂದರು ಯಜಮಾನರು, ಭಕ್ತಿಯಿಂದ.

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಯಜಮಾನರು ತನ್ನ ಮುಖ ನೋಡಿ ಮಾತಾಡಿದಾಗ ಯಾವ ಮನುಷ್ಯ ತಾನೇ ತಿದ್ದುಪಡಿ ಹಾಕುತ್ತಾನೆ? ತೂಕದಪ್ಪ ಸುಮ್ಮನಾದ. ಆ ಸುಮ್ಮನಿರುವಿಕೆಗೆ ತೆರಬೇಕಾದ ದಂಡ ಎಷ್ಟೆಂದು ಆಗ ಅವನಿಗೆ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಬಿದ್ದು ಬಿದ್ದು ನಕ್ಕಳು. "ನಿಮ್ಮ ನಾಲಿಗೆನಾ? ಹೋದ ವಾರ ಡಬ್ಬಿ ಅದಲುಬದಲಾಗಿ ಕಾಫಿಗೆ ಉಪ್ಪು ಹಾಕಿ ಕೊಟ್ಟೆ. ಲೋಟ ಖಾಲಿ ಮಾಡಿ 'ಇವತ್ತು ಕಾಫಿ ಭೇಷಾಗಿದೆ ಕಣೇ' ಅಂದ್ರಿ. ನಾನು ಅತ್ತುಬಿಟ್ಟೆ ಗೊತ್ತಾ, ಎಂಥ ಒಳ್ಳೆ ಗಂಡ, ತಪ್ಪನ್ನೂ ಆಡಿ ತೋರಿಸಲ್ಲ ಅಂತ!"

ಆದರೆ ಹೆಂಡತಿಯ ಮಾತನ್ನು ಬೀದಿ ಕೇಳುವುದುಂಟೇ? ಮರುದಿನ ಬೆಳಿಗ್ಗೆ ಪಕ್ಕದ ಮನೆಯ ದರ್ಜಿ ಒಂದು ಪಾತ್ರೆ ಹಾಲು ಹಿಡಿದು ಬಂದ. ಅವನ ಹಿಂದೆ ಇಡೀ ಓಣಿ. ಓಣಿಯ ಹಿಂದೆ, ಮುಖ ಕೆಂಪಾಗಿಸಿಕೊಂಡ ಹಾಲಿನವನು.

"ತೂಕದಣ್ಣಾ, ನೋಡಿ ಹೇಳು. ಇದರಲ್ಲಿ ನೀರಿದೆಯೋ ಇಲ್ಲವೋ?"

ತೂಕದಪ್ಪ ಒಂದು ಗುಟುಕು ಕುಡಿದ. ಅವನಿಗೆ ಅದು ಹಾಲೆಂದು ಗೊತ್ತಾದದ್ದು ಬಿಳಿಯಾಗಿದ್ದರಿಂದ. ಎಲ್ಲರ ಕಣ್ಣು ಅವನ ಗಂಟಲ ಮೇಲೆ. ಜಗತ್ತಿನಲ್ಲಿ ನೀರು ಸೇರದ ಹಾಲು ಎಲ್ಲಿದೆ ಎಂದು ಲೆಕ್ಕ ಹಾಕಿ, ಕಣ್ಣು ಮುಚ್ಚಿ, "ಇದೆ," ಅಂದ.

ಹಾಲಿನವನ ಕ್ಯಾನು ಕೈಯಿಂದ ಜಾರಿತು. "ಎರಡೇ ಎರಡು ಲೋಟ ಕಣಣ್ಣಾ! ಅದೂ ಸೋಸಿದ ನೀರು! ನಿನಗೆ ಹೇಗೆ ಗೊತ್ತಾಯ್ತೋ!" ಎಂದು ನಡುಬೀದಿಯಲ್ಲಿ ಒಪ್ಪಿಕೊಂಡುಬಿಟ್ಟ.

ಅಲ್ಲಿಗೆ ಮುಗಿಯಿತು. ಅಂದಿನಿಂದ ಕಾರ್ಖಾನೆಯ ಗೇಟು ಗೇಟಾಗಿ ಉಳಿಯಲಿಲ್ಲ, ನ್ಯಾಯಾಲಯವಾಯಿತು. ಜೇನು ತಂದರು, ತುಪ್ಪ ತಂದರು. ಔಷಧಿ ಅಂಗಡಿಯವನು ಕೊಟ್ಟ ಕೆಮ್ಮಿನ ಸಿರಪ್ಪು ಹಳೆಯದೋ ಹೊಸದೋ ಎಂದು ಕೇಳಲು ಒಬ್ಬಳು ಮುದುಕಿ ಎರಡು ಬಸ್ಸು ಬದಲಿಸಿ ಬಂದಳು. ಕ್ಷೌರದ ಅಂಗಡಿಯವನು ತಲೆಗೆ ಹಚ್ಚುವ ಎಣ್ಣೆ ತಂದು "ಒಂಚೂರು ನೆಕ್ಕಿ ಹೇಳು" ಅಂದ. ತೂಕದಪ್ಪ ನೆಕ್ಕಿ, ಬಹಳ ಯೋಚಿಸಿ, "ಕಲಬೆರಕೆ," ಅಂದ. ಎಲ್ಲದಕ್ಕೂ ಅವನು ಕಲಬೆರಕೆ ಅಂದ. ಒಮ್ಮೆಯೂ ತಪ್ಪಾಗಲಿಲ್ಲ. ಇದರಿಂದ ತೂಕದಪ್ಪನ ಬಗ್ಗೆ ತಿಳಿಯುವುದಕ್ಕಿಂತ ಲೋಕದ ಬಗ್ಗೆ ತಿಳಿಯುವುದೇ ಹೆಚ್ಚು.

ಇಷ್ಟರಲ್ಲಿ ಕೊಯ್ಲಿನ ಕಾಲ ಬಂತು. ಅದರ ಜೊತೆಗೇ ಯಂತ್ರವೂ ಬಂತು.

ಯಂತ್ರ ತರಿಸಿದವರು ಯಜಮಾನರ ಅಳಿಯ. ಅವರನ್ನು ಎಲ್ಲರೂ ಚಿಕ್ಕ ಯಜಮಾನರು ಎನ್ನುತ್ತಿದ್ದರು. ನೀಲಿ ಬಣ್ಣದ, ಎರಡಂತಸ್ತಿನ ಮನೆಯಂಥ ಯಂತ್ರ. ಬಳ್ಳಿಯ ಸಾಲಿನ ಮೇಲೆ ಕಾಲಗಲಿಸಿ ನಿಂತು, ಇಡೀ ಸಾಲನ್ನೇ ಹೊಟ್ಟೆಯೊಳಗೆ ತೂರಿಸಿಕೊಂಡು, ಎರಡು ಕಡೆಯಿಂದಲೂ ಕೋಲುಗಳಲ್ಲಿ ಬಡಿದು ಅಲುಗಿಸುತ್ತಾ ಹೋಗುತ್ತದೆ. ಹಣ್ಣು ಪಟಪಟ ಉದುರುತ್ತದೆ. ಬೋಳು ಗೊಂಚಲು ಬಳ್ಳಿಯಲ್ಲೇ ಉಳಿಯುತ್ತದೆ.

"ತಲೆ ತುಂಬ ಹೇನಿರೋಳ ಜುಟ್ಟು ಹಿಡಿದು ಜಾಡಿಸಿದ ಹಾಗಿದೆ," ಎಂದಳು ತೂಕದಪ್ಪನ ಅತ್ತೆ, ಮೂಗಿನ ಮೇಲೆ ಬೆರಳಿಟ್ಟು. "ಹಣ್ಣು ಬಿಡಿಸೋ ರೀತಿನಾ ಇದು?"

ಅತ್ತೆಗೆ ಹಾಗನ್ನುವ ಹಕ್ಕಿತ್ತು. ಆ ತೋಟದಲ್ಲಿ ಕತ್ತರಿ ಹಿಡಿದು ಗೊಂಚಲು ಬಿಡಿಸುವ ಮೂವತ್ತೆಂಟು ಹೆಂಗಸರಿಗೆ ಅವಳು ಮೇಸ್ತ್ರಿ. ಅವಳ ಮಗಳು, ಅಂದರೆ ತೂಕದಪ್ಪನ ಹೆಂಡತಿ, ಆ ಮೂವತ್ತೆಂಟರಲ್ಲಿ ಒಬ್ಬಳು. ಅತ್ತೆಯ ಮಗ ಕಾರ್ಖಾನೆಯ ಒಳಗೆ ಟ್ಯಾಂಕು ನೋಡಿಕೊಳ್ಳುವವನು. ಒಟ್ಟಿನಲ್ಲಿ ಯಂತ್ರ ಬಡಿಯುತ್ತಿದ್ದುದು ಬಳ್ಳಿಯನ್ನಷ್ಟೇ ಅಲ್ಲ, ತೂಕದಪ್ಪನ ಅಡುಗೆಮನೆಯನ್ನು.

ಯಜಮಾನರು ಏನು ಮಾಡುವುದೆಂದು ತಿಳಿಯದೆ ಇಬ್ಬರು ತಜ್ಞರನ್ನು ಕರೆಸಿದರು. ಮೊದಲನೆಯ ತಜ್ಞರು, ಯಂತ್ರದ ಪೆಟ್ಟಿಗೆ ಹಣ್ಣು ಒಡೆಯುತ್ತದೆ, ಒಡೆದ ಹಣ್ಣಿನ ರಸ ಗಾಳಿ ತಾಗಿ ಕಂದಾಗುತ್ತದೆ, ಎಲೆ ಕಡ್ಡಿ ಸೇರಿ ವೈನು ಕಹಿಯಾಗುತ್ತದೆ ಎಂದು ನಲವತ್ತು ಪುಟ ಬರೆದರು. ಎರಡನೆಯ ತಜ್ಞರು, ಯಂತ್ರ ಬೆಳಗಿನ ತಂಪಿನಲ್ಲೇ ತೋಟ ಮುಗಿಸುತ್ತದೆ, ಹಣ್ಣು ಸರಿಯಾಗಿ ಮಾಗಿದ ದಿನವೇ ತೊಟ್ಟಿ ಸೇರುತ್ತದೆ, ಕೈಯವರು ವಾರಗಟ್ಟಲೆ ಎಳೆದಾಡುವಷ್ಟರಲ್ಲಿ ಹಣ್ಣು ಸೊರಗುತ್ತದೆ ಎಂದು ನಲವತ್ತೆರಡು ಪುಟ ಬರೆದರು. ಇಬ್ಬರ ಕೊನೆಯ ಸಾಲು ಮಾತ್ರ ಒಂದೇ: ಈ ಬಗ್ಗೆ ಹೆಚ್ಚಿನ ಅಧ್ಯಯನ ಅಗತ್ಯವಿದೆ.

ಯಜಮಾನರು ಎರಡು ವರದಿಯನ್ನೂ ಮೇಜಿನ ಮೇಲೆ ಕುಕ್ಕಿದರು. "ಎರಡು ನಾಲಿಗೆಯ ಪಂಡಿತರು ಸಾಕು. ನನ್ನ ಗೇಟಲ್ಲೇ ಒಂದು ನಾಲಿಗೆಯ ಮನುಷ್ಯ ಇದ್ದಾನೆ. ಅರ್ಧ ತೋಟ ಯಂತ್ರ ಬಿಡಿಸಲಿ, ಅರ್ಧ ತೋಟ ಕೈಯಲ್ಲಿ ಬಿಡಿಸಲಿ. ಬೇರೆ ಬೇರೆ ಟ್ಯಾಂಕಿಗೆ ಹಾಕಿ. ಮೂರು ತಿಂಗಳಾದ ಮೇಲೆ ತೂಕದಪ್ಪ ರುಚಿ ನೋಡ್ತಾನೆ. ಯಾವುದು ರುಚಿಯೋ ಅದು ಉಳಿಯತ್ತೆ. ಇನ್ನೊಂದು ಹೋಗತ್ತೆ."

ಮೂವತ್ತೆಂಟು ಹೆಂಗಸರು ಇದನ್ನು ಕೇಳಿ ಬೇಜಾರಾಗುವ ಬದಲು ಚಪ್ಪಾಳೆ ತಟ್ಟಿದರು. ನ್ಯಾಯಾಧೀಶ ಯಾರು? ನಮ್ಮ ಮೇಸ್ತ್ರಿಯ ಅಳಿಯ! ಅತ್ತೆ ಮಗಳ ಬೆನ್ನು ತಟ್ಟಿ ಅಂದಳು: "ನಿನ್ನನ್ನ ಅವರಿಗೆ ಕೊಟ್ಟಿದ್ದಕ್ಕೆ ಕೊನೆಗೂ ಒಂದು ಪ್ರಯೋಜನ ಆಯ್ತು ನೋಡು."

ಯಂತ್ರ ತನ್ನ ಅರ್ಧ ತೋಟವನ್ನು ಒಂದೇ ಮುಂಜಾನೆ, ಬಿಸಿಲು ಏರುವ ಮುಂಚೆ ಮುಗಿಸಿತು. ಅದರ ಗಾಡಿ ಗೇಟಿಗೆ ಬಂದಾಗ ತೂಕದಪ್ಪನಿಗೆ ಅಸಹ್ಯವಾಯಿತು. ಗೊಂಚಲಿಲ್ಲ, ಬರೀ ಬಿಡಿ ಹಣ್ಣು, ತೊಟ್ಟಿಯ ಮೂಲೆಯಿಂದ ರಸ ಸೋರುತ್ತಿದೆ, ಮೇಲೆ ಎಲೆ, ಕಡ್ಡಿ, ನಾಲ್ಕು ಬಸವನಹುಳು, ಒಂದು ಒಂಟಿ ಚಪ್ಪಲಿ. ರಸ ತನ್ನ ಬೂಟಿನ ಮೇಲೆ ತೊಟ್ಟಿಕ್ಕುತ್ತದೆಂದು ಅವನು ಅರ್ಧ ನಿಮಿಷದಲ್ಲಿ ಚೀಟಿ ಬರೆದು "ಹೋಗು ಹೋಗು, ಬೇಗ ತೊಲಗಿಸು" ಎಂದು ಗಾಡಿಯನ್ನು ಒಳಗೆ ಅಟ್ಟಿದ. ಒಳಗೆ ಚಿಕ್ಕ ಯಜಮಾನರು ಗಾಳಿ ಊದುವ ಬೆಲ್ಟೊಂದನ್ನು ಹಾಕಿಸಿದ್ದರು. ಅದು ಎಲೆ, ಕಡ್ಡಿ, ಹುಳು, ಚಪ್ಪಲಿ ಎಲ್ಲವನ್ನೂ ಬೇರೆ ಮಾಡಿ ಹಣ್ಣನ್ನಷ್ಟೇ ಮುಂದೆ ಬಿಟ್ಟಿತು. ಅದನ್ನು ತೂಕದಪ್ಪ ನೋಡಲಿಲ್ಲ. ಅವನು ನೋಡಿದ್ದು ಚಪ್ಪಲಿ ಮಾತ್ರ.

ಕೈಯ ಕೊಯ್ಲು ಒಂಬತ್ತು ದಿನ ನಡೆಯಿತು. ಬೇರೆ ವರ್ಷವಾದರೆ ನಾಲ್ಕು ದಿನದ ಕೆಲಸ. ಆದರೆ ಈ ಸಲ ಮಾನದ ಪ್ರಶ್ನೆ. ಅತ್ತೆ ಸಾಲಿನಿಂದ ಸಾಲಿಗೆ ಓಡಾಡಿ, "ಹಸುಗೂಸಿನ ಕತ್ತು ಹಿಡಿದ ಹಾಗೆ ಹಿಡೀರೇ! ಒಂದು ಕೊಳೆತ ಕಾಳಿದ್ದರೂ ಕತ್ತರಿಸಿ ಎಸೀರಿ! ಒಂದು ಎಲೆ ಕಂಡರೆ ನನ್ನ ಮುಖ ನೋಡಬೇಡಿ!" ಎಂದು ಕಾಯುತ್ತಿದ್ದಳು. ಕ್ರೇಟಿನಲ್ಲಿ ಗೊಂಚಲುಗಳನ್ನು ಮಲಗಿಸಿದ ಚೆಂದ ನೋಡಬೇಕಿತ್ತು. ತೊಟ್ಟಿಲಲ್ಲಿ ಮಲಗಿದಂತಿದ್ದವು.

ಆ ಕ್ರೇಟುಗಳ ಗಾಡಿ ದಿನಾ ಹನ್ನೊಂದು ಗಂಟೆಗೆ ಗೇಟಿಗೆ ಬರುತ್ತಿತ್ತು. ಅದೇ ಹೊತ್ತಿಗೆ ತೂಕದಪ್ಪನ ನ್ಯಾಯಾಲಯ ತುಂಬಿರುತ್ತಿತ್ತು. ಒಂದು ದಿನ ಜೇನಿನ ವಿಷಯಕ್ಕೆ ಅಣ್ಣ ತಮ್ಮಂದಿರ ವ್ಯಾಜ್ಯ. ಇನ್ನೊಂದು ದಿನ ಯಾರದೋ ಬಾವಿಯ ನೀರು. ಗಾಡಿ ತೂಕದ ಹಲಗೆಯ ಹಿಂದೆ ಬಟಾಬಯಲಲ್ಲಿ ನಿಂತಿರುತ್ತಿತ್ತು. ಸೂರ್ಯ ನೆತ್ತಿಗೆ ಬಂದು, ಹಣ್ಣಿನ ಮೇಲೆ ಕಣಜಗಳು ಮೀಟಿಂಗು ಸೇರುತ್ತಿದ್ದವು.

"ಭಾವಾ! ಗಾಡಿ ಬಿಡಿ, ಹಣ್ಣು ಕಾಯ್ತಾ ಇದೆ!" ಎಂದು ಭಾವಮೈದುನ ಒಳಗಿನಿಂದ ಕೂಗುತ್ತಿದ್ದ.

"ಕಾಯಲಿ ಇರಪ್ಪಾ, ನಾವೂ ಕಾಯ್ತಿಲ್ವಾ?" ಎನ್ನುತ್ತಿದ್ದ ತೂಕದಪ್ಪ, ಚಮಚದಿಂದ ಜೇನು ಎತ್ತುತ್ತಾ.

ರುಚಿ ನೋಡುವ ದಿನಕ್ಕೆ ಎಂಟು ದಿನ ಉಳಿದಾಗ ಅವನಿಗೆ ಭಯ ಹತ್ತಿತು. ಊಟ ಬಿಟ್ಟ. ಕೊನೆಗೆ ಹೆಂಡತಿಯ ಎದುರು ಕೂತು, "ಲೇ, ನನಗೆ ಏನೂ ಗೊತ್ತಾಗಲ್ವೇ," ಅಂದ.

"ಅದು ನನಗೆ ಗೊತ್ತೇ ಇದೆಯಲ್ಲ," ಅಂದಳು.

"ಅಲ್ವೇ, ನಿಜವಾಗ್ಲೂ ರುಚಿ ಗೊತ್ತಾಗಲ್ಲ. ಎಲ್ಲಾ ಒಂದೇ ಥರ. ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ."

ಅವಳು ಇದನ್ನು ತಾಯಿಗೆ ಹೇಳಿದಳು. ಅತ್ತೆ ಬಂದು, ಅಳಿಯನೆಂಬ ಮುಲಾಜಿಲ್ಲದೆ ಗದ್ದ ಹಿಡಿದು, "ಬಾಯಿ ತೆಗೀರಿ ಅಳಿಯಂದ್ರೇ," ಎಂದು ಒಳಗೆ ಇಣುಕಿದಳು. ತಕ್ಷಣ ಮುಖ ಹಿಂದಕ್ಕೆ ತೆಗೆದುಕೊಂಡು, ಚಪ್ಪಲಿ ಮೆಟ್ಟಿ, ಅವನನ್ನು ಹಲ್ಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಟಾರ್ಚು ಹಿಡಿದು ನೋಡಿದರು. "ಇದು ಹಲ್ಲಲ್ಲ, ಗುಹೆ. ಎಷ್ಟು ವರ್ಷದಿಂದ ಸಾಕ್ಕೊಂಡಿದ್ದೀರಿ? ಇದರ ಕೀವು ಬಾಯಿಯ ರುಚಿಯನ್ನೆಲ್ಲ ಹಾಳು ಮಾಡಿದೆ." ಎರಡು ಹಲ್ಲು ಕಿತ್ತರು.

ನಾಲ್ಕು ದಿನ ತೂಕದಪ್ಪ ಗಂಜಿ ಕುಡಿದು ಮಲಗಿದ. ಐದನೆಯ ದಿನ ಬೆಳಿಗ್ಗೆ ಕಾಫಿಯ ಮೊದಲ ಗುಟುಕಿಗೇ ಎದ್ದು ಕೂತ.

"ಇದೇನೇ ಇದು! ಕಾಫಿ ಕಹಿನಾ?"

"ಮತ್ತೆ?"

"ಹಾಲು ಸ್ವಲ್ಪ ಸೀದಿದೆ. ಪಾತ್ರೆಗೆ ಸೋಪು ಅಂಟಿಕೊಂಡಿದೆ. ನಿನ್ನೆ ನೀನು ಇದೇ ಪಾತ್ರೇಲಿ ಈರುಳ್ಳಿ ಇಟ್ಟಿದ್ದೆ!"

ಹೆಂಡತಿ ಪಾತ್ರೆ ಎತ್ತಿ ಮೂಸಿ ನೋಡಿದಳು. ಎಲ್ಲವೂ ನಿಜ. ಅಂದು ತೂಕದಪ್ಪ ಮನೆಯಲ್ಲಿದ್ದುದನ್ನೆಲ್ಲ ರುಚಿ ನೋಡಿದ. ಬೆಲ್ಲ ನೆಕ್ಕಿ ಕಣ್ಣೀರು ಹಾಕಿದ. ಸುಳ್ಳಿನ ಮೇಲೆ ಕಟ್ಟಿದ್ದ ಹೆಸರಿಗೆ ದೇವರು ಅಡಿಪಾಯ ಹಾಕಿಕೊಟ್ಟಿದ್ದ. ಅತ್ತೆ ಡಾಕ್ಟರಿಗೆ ದೀರ್ಘಾಯುಷ್ಯ ಕೋರಿದಳು.

ರುಚಿ ನೋಡುವ ಹಿಂದಿನ ದಿನ ಭಾವಮೈದುನ ಗುಟ್ಟಾಗಿ ಬಂದ. "ಭಾವ, ಎರಡು ಗ್ಲಾಸು ತರೋದು ನಾನೇ. ಕೈಯಲ್ಲಿ ಬಿಡಿಸಿದ್ದನ್ನ ನೀವು ಬಾಯಿಗಿಟ್ಟಾಗ ಒಂದು ಸಲ ಕೆಮ್ತೀನಿ. ಅದನ್ನ ಹೊಗಳಿಬಿಡಿ."

ತೂಕದಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಎಂಟು ದಿನದ ಹಿಂದೆ ಬಂದಿದ್ದರೆ ಅವನ ಕಾಲು ಹಿಡಿಯುತ್ತಿದ್ದ. ಆದರೆ ಈಗ?

"ನನ್ನ ನಾಲಿಗೆಗೆ ನಿನ್ನ ಕೆಮ್ಮಿನ ಆಸರೆ ಬೇಕೇನೋ? ನಿನ್ನ ತಾಯಿ ಕೈಯಲ್ಲಿ ಬಿಡಿಸಿದ್ದು ಯಾವುದು, ಆ ಚಪ್ಪಲಿಯ ರಸ ಯಾವುದು ಅಂತ ಮೂಸಿದ್ರೇ ಗೊತ್ತಾಗತ್ತೆ. ನಿಯತ್ತಾಗಿ ಹೇಳ್ತೀನಿ, ನಿಯತ್ತಾಗಿ ಗೆಲ್ತೀವಿ."

ಬಾಟಲಿ ತುಂಬುವ ಕೋಣೆಯಲ್ಲಿ ಮೇಜು ಹಾಕಿದ್ದರು. ಒಂದು ಕಡೆ ಯಜಮಾನರು, ಚಿಕ್ಕ ಯಜಮಾನರು, ಅದೇ ಇಬ್ಬರು ತಜ್ಞರು. ಇನ್ನೊಂದು ಕಡೆಯ ಕಿಟಕಿಗಳ ತುಂಬ ಹೆಂಗಸರ ಮುಖಗಳು, ನಡುವಿನ ಕಿಟಕಿಯಲ್ಲಿ ಅತ್ತೆ. ಯಾವ ಗ್ಲಾಸು ಯಾವ ಟ್ಯಾಂಕಿನದು ಎಂದು ಬರೆದ ಲಕೋಟೆ ಯಜಮಾನರ ಜೇಬಿನಲ್ಲಿತ್ತು. ತೂಕದಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಕೂತ.

ಭಾವಮೈದುನ ಎರಡು ಗ್ಲಾಸು ತಂದಿಟ್ಟ. ತೂಕದಪ್ಪ ಮೊದಲನೆಯದನ್ನು ಎತ್ತಿ ತುಟಿಗಿಟ್ಟ.

"ಖ್ಹು," ಎಂದು ಭಾವಮೈದುನ ಕೆಮ್ಮಿದ.

ಬೇಡವೆಂದ ಮೇಲೆ ಇದು ನಿಜವಾದ ಕೆಮ್ಮೇ ಇರಬೇಕೆಂದುಕೊಂಡು ತೂಕದಪ್ಪ ಹುಬ್ಬು ಗಂಟಿಕ್ಕಿದ.

"ಖ್ಹು! ಖ್ಹು ಖ್ಹು!"

"ಯಾರಪ್ಪಾ ಅದು?" ತೂಕದಪ್ಪ ಗ್ಲಾಸು ಕೆಳಗಿಟ್ಟು ತಿರುಗಿದ. "ಕೆಮ್ಮು ಇರೋರನ್ನ ಹೊರಗೆ ಕಳಿಸಿ ಯಜಮಾನ್ರೇ. ರುಚಿಗೆ ಅಡ್ಡಿಯಾಗತ್ತೆ."

ಭಾವಮೈದುನನನ್ನು ತೋಳು ಹಿಡಿದು ಹೊರಗೆ ದಬ್ಬಿದರು. ಬಾಗಿಲಾಚೆಯಿಂದಲೂ ಅವನು ಪ್ರಾಣ ಹೋಗುವಂತೆ ಕೆಮ್ಮುತ್ತಿದ್ದ. ಯಾರೋ ಅವನಿಗೆ ನೀರು ಕೊಟ್ಟು ಸುಮ್ಮನಾಗಿಸಿದರು.

ತೂಕದಪ್ಪ ಮೊದಲನೆಯದನ್ನು ಕುಡಿದ. ಎರಡನೆಯದನ್ನು ಕುಡಿದ. ಮತ್ತೆ ಮೊದಲನೆಯದು. ಅವನ ಮುಖದ ಮೇಲೆ ಹಿಂದೆಂದೂ ಇಲ್ಲದ ಒಂದು ನೆಮ್ಮದಿ ಹರಡಿತು. ವ್ಯತ್ಯಾಸ ಹಗಲು ರಾತ್ರಿಯಷ್ಟು ಸ್ಪಷ್ಟವಾಗಿತ್ತು.

"ಎರಡನೆಯದು," ಅಂದ. "ತಂಪಾಗಿದೆ. ಬೆಳಗಿನ ಹೊತ್ತು ತೋಟದಲ್ಲಿ ನಿಂತ ಹಾಗಿದೆ. ಹಣ್ಣಿನ ರುಚಿ ಹಣ್ಣಲ್ಲೇ ಇದೆ, ಎಲ್ಲೂ ಸೋರಿಲ್ಲ. ಇದನ್ನ ಬಿಡಿಸಿದವರು ಒಂದು ಗಳಿಗೆ ಮುಂಚೆ ಬಿಡಿಸಿಲ್ಲ, ಒಂದು ಗಳಿಗೆ ತಡ ಮಾಡಿಲ್ಲ."

ಕಿಟಕಿಯಲ್ಲಿ ಅತ್ತೆಯ ಕಣ್ಣು ತುಂಬಿ ಬಂತು.

"ಮತ್ತೆ ಮೊದಲನೆಯದು?" ಎಂದರು ಯಜಮಾನರು.

"ಥೂ," ಅಂದ ತೂಕದಪ್ಪ. "ಇದು ಬೆಂದ ಹಣ್ಣು. ಹಣ್ಣು ಒಳ್ಳೇದೇ ಇತ್ತು ಅನ್ನಿ. ಆದರೆ ಅದನ್ನ ಎಲ್ಲೋ ಬಿಸಿಲಲ್ಲಿ ಹಾಕಿ ಸಾಯಿಸಿದ್ದಾರೆ. ಗಂಟೆಗಟ್ಟಲೆ! ಕಣಜ ಕೂತು ಎದ್ದಿದೆ, ಹುಳಿ ಶುರುವಾಗಿದೆ." ಅವನ ದನಿಗೆ ಆವೇಶ ಬಂತು. ಮೇಜು ಗುದ್ದಿದ. "ಯಾವನೋ ಒಬ್ಬ ಸೋಮಾರಿ, ಬೇಜವಾಬ್ದಾರಿ ಮನುಷ್ಯ, ಮಾಡೋ ಕೆಲಸ ಬಿಟ್ಟು ಹರಟೆ ಹೊಡೀತಾ ಕೂತು, ಈ ಹಣ್ಣನ್ನ ಬಿಸಿಲಲ್ಲಿ ನಿಲ್ಲಿಸಿದ್ದಾನೆ ಯಜಮಾನ್ರೇ! ಅಂಥವನನ್ನ..."

ಅಲ್ಲಿಗೆ ಅವನ ಮಾತು ನಿಂತಿತು. ಬಾಯಿ ತೆರೆದೇ ಇತ್ತು. ಆ ತೆರೆದ ಬಾಯಿಯ ಮುಂದೆ ಯಜಮಾನರು ಲಕೋಟೆ ಹರಿದು ಓದಿದರು.

"ಮೊದಲನೆಯದು, ಕೈ. ಎರಡನೆಯದು, ಯಂತ್ರ."

ಬಾಗಿಲಾಚೆ ಒಂದು ಸಣ್ಣ ಕೆಮ್ಮು ಕೇಳಿಸಿತು. ಆದರೆ ಅದರಿಂದ ಈಗ ಉಪಯೋಗವಿರಲಿಲ್ಲ.

ತೂಕದಪ್ಪ ಕುರ್ಚಿ ಬೀಳಿಸಿಕೊಂಡು ಎದ್ದ. "ಆ ಸೋಮಾರಿ ನಾನೇ ಯಜಮಾನ್ರೇ! ಒಂಬತ್ತು ದಿನವೂ ಗಾಡಿ ಗೇಟಲ್ಲಿ ನಿಲ್ಲಿಸಿದ್ದು ನಾನು! ಹೆಂಗಸರದ್ದು ಏನೂ ತಪ್ಪಿಲ್ಲ. ಕೈಯದ್ದು ತಪ್ಪಿಲ್ಲ. ನನ್ನ ತಪ್ಪು!"

ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡರು. "ಕೇಳಿದ್ರಾ? ಮೂರು ತಿಂಗಳಾದ ಮೇಲೆ ತನ್ನ ತಪ್ಪನ್ನ ತಾನೇ ರುಚಿ ನೋಡಿ ಹಿಡಿದಿದ್ದಾನೆ. ಇಂಥ ನಾಲಿಗೆ ಇನ್ನೆಲ್ಲಿದೆ?"

"ಅದನ್ನೇ ನಾನೂ ಹೇಳ್ತಿರೋದು ಮಾವ," ಎಂದರು ಚಿಕ್ಕ ಯಜಮಾನರು ಮೆಲ್ಲಗೆ. "ಕೈ ಅಂದ್ರೆ ಒಂದೇ ಕೈ ಅಲ್ಲ. ಬಿಡಿಸೋ ಕೈ, ಹೊರೋ ಕೈ, ಚೀಟಿ ಬರೆಯೋ ಕೈ. ಎಲ್ಲೋ ಒಂದು ಕೈ ನಿಂತೇ ನಿಲ್ಲತ್ತೆ."

ತಜ್ಞರಿಬ್ಬರೂ ಜೀವನದಲ್ಲಿ ಮೊದಲ ಸಲ ಒಟ್ಟಿಗೆ ತಲೆಯಾಡಿಸಿದರು.

ತೂಕದಪ್ಪನಿಗೆ ಒಂದೇ ದಾರಿ ಉಳಿದಿತ್ತು. "ನನ್ನ ನಾಲಿಗೆನೇ ಸುಳ್ಳು! ಆವತ್ತು ಎಲೆ ಅಂದಿದ್ದು ಹಲ್ಲಿಗೆ ಸಿಕ್ಕಿದ್ದ ಎಲೆ! ಹಾಲು, ಜೇನು, ಎಲ್ಲಾ ಬಾಯಿಗೆ ಬಂದ ಹಾಗೆ ಹೇಳಿದ್ದು! ಬೇಕಾದ್ರೆ ಹಾಲಿನವನನ್ನ ಕರೆಸಿ ಕೇಳಿ!"

ಹಾಲಿನವನನ್ನು ಕರೆಸಿದರು. ಅವನು ಕ್ಯಾನು ಕೆಳಗಿಟ್ಟು ತೂಕದಪ್ಪನನ್ನು ನೋವಿನಿಂದ ನೋಡಿದ. "ಏನಣ್ಣಾ ಹೀಗಂತೀಯಾ? ನಡುಬೀದೀಲಿ ನಾನು ಒಪ್ಕೊಂಡಿದ್ದು ಸುಳ್ಳಾ? ಆವತ್ತಿಂದ ಒಂದು ತೊಟ್ಟು ನೀರು ಹಾಕಿದ್ರೆ ಕೇಳು. ಯಜಮಾನ್ರೇ, ನನ್ನನ್ನ ಮನುಷ್ಯನ್ನ ಮಾಡಿದ ನಾಲಿಗೆ ಇದು. ಯಾರು ಸುಳ್ಳು ಅಂದ್ರೂ ನಾನು ಬಿಡಲ್ಲ. ಅವನೇ ಅಂದ್ರೂ ಬಿಡಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಕಿಟಕಿಗಳ ಹತ್ತಿರ ಆಗ ಯಾರೂ ಇರಲಿಲ್ಲ.

ತೂಕದಪ್ಪನಿಗೆ ಬಡ್ತಿ ಸಿಕ್ಕಿತು. ರುಚಿ ಅಧಿಕಾರಿ ಎಂದು ಬೋರ್ಡು ಹಾಕಿದ ಕೋಣೆ, ತಿರುಗುವ ಕುರ್ಚಿ, ಹನ್ನೆರಡು ಗ್ಲಾಸು. ಗೇಟಿಗೆ ಹೊಸಬ ಸಿಗುವ ತನಕ ಅದನ್ನೂ ನೋಡಿಕೋ ಎಂದರು. ಮೂವತ್ತೆಂಟು ಹೆಂಗಸರಿಗೆ ಮುಂದಿನ ಕೊಯ್ಲಿಗೆ ಬರಬೇಡಿ ಎಂದು ಹೇಳಿಯಾಯಿತು. ಬೆಲ್ಟಿನ ಪಕ್ಕ ನಿಂತು ಎಲೆ ಹೆಕ್ಕಲು ನಾಲ್ಕು ಜನ ಸಾಕಂತೆ, ಅದೂ ಕಣ್ಣು ಚುರುಕಾಗಿರುವ ಎಳೆಯರು.

ಓಣಿಯಲ್ಲಿ ಯಾರೂ ಅವನ ಮೇಲೆ ಜಗಳಕ್ಕೆ ಬರಲಿಲ್ಲ. ಅದೇ ಕಷ್ಟವಾಯಿತು. ದರ್ಜಿಯ ಹೆಂಡತಿ ಆ ಮೂವತ್ತೆಂಟರಲ್ಲಿ ಒಬ್ಬಳು. ಅವನನ್ನು ಕಂಡರೆ ದರ್ಜಿ ಹೊಲಿಗೆ ಯಂತ್ರ ಜೋರಾಗಿ ತುಳಿಯುತ್ತಿದ್ದ. ಕ್ಷೌರದವನು ಅರ್ಧ ತಲೆಗೆ ನಿಲ್ಲಿಸಿ, "ಕೆಲಸ ಹೋದ ನಮ್ಮತ್ತಿಗೆ ಕೇಳ್ತಿದ್ಲು, ನಿಯತ್ತು ಅಂದ್ರೆ ಇದೇನಾ ಅಂತ," ಎಂದು, ಉತ್ತರಕ್ಕೆ ಕಾಯದೆ ಇನ್ನರ್ಧ ಮುಗಿಸಿದ. ಮನೆಯಲ್ಲಿ ಹೆಂಡತಿ ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು. ಉಪ್ಪು ಒಂದು ದಿನ ಹೆಚ್ಚು, ಒಂದು ದಿನ ಇಲ್ಲವೇ ಇಲ್ಲ. ಈಗ ಅವನಿಗೆ ಎಲ್ಲವೂ ಗೊತ್ತಾಗುತ್ತಿತ್ತು. "ಚೆನ್ನಾಗಿದೆ ಕಣೇ," ಅನ್ನುತ್ತಿದ್ದ. ಅವಳು ತಟ್ಟೆ ಎತ್ತಿಕೊಂಡು ಹೋಗುತ್ತಿದ್ದಳು.

ತಿಂಗಳ ಕೊನೆಗೆ ಹೆಂಗಸರು ಕತ್ತರಿಗಳನ್ನು ಒಪ್ಪಿಸಲು ಬಂದರು. ಕಾರ್ಖಾನೆಯ ಯಾವ ಸಾಮಾನೂ ತೂಕದ ಚೀಟಿಯಿಲ್ಲದೆ ಒಳಗೆ ಬರಬಾರದೆಂದು ಚಿಕ್ಕ ಯಜಮಾನರ ಹೊಸ ಕಾಯಿದೆ. ಅತ್ತೆ ಗೋಣಿಚೀಲವನ್ನು ತಾನೇ ಹೊತ್ತು ತಂದು ಆ ದೊಡ್ಡ ಹಲಗೆಯ ನಡುವೆ ಇಳಿಸಿ, ಪಕ್ಕಕ್ಕೆ ಸರಿದು ನಿಂತಳು. ಒಳಗೆ ಕತ್ತರಿಗಳು ಒಂದಕ್ಕೊಂದು ತಾಗಿ ಸದ್ದಾಯಿತು.

ತೂಕದಪ್ಪ ಡಬ್ಬಿ ನೋಡಿದ. ಅಂಕಿ ಕದಲಲಿಲ್ಲ. ಲಾರಿ ತೂಗುವ ಹಲಗೆ ಅದು. ಟನ್ನುಗಟ್ಟಲೆ ಭಾರ ಬಿದ್ದರೆ ಮಾತಾಡುತ್ತದೆ, ಚೀಲಕ್ಕೆಲ್ಲ ಕಣ್ಣು ತೆರೆಯುವುದಿಲ್ಲ.

"ಎಷ್ಟು ಬಂತು ಅಳಿಯಂದ್ರೇ?" ಎಂದಳು ಅತ್ತೆ.

ಅವನು ಡಬ್ಬಿಯನ್ನು ಕೈಯಿಂದ ತಟ್ಟಿದ. ಅಂಕಿ ಕದಲಲಿಲ್ಲ.

"ಚೀಲ ಸ್ವಲ್ಪ ಆ ಕಡೆಗೆ ಇಡಲಾ?"

"ಎಲ್ಲಿಟ್ರೂ ಅಷ್ಟೇ ಅತ್ತೆ."

"ಅಷ್ಟೇ ಅಂದ್ರೆ?"

"ಸೊನ್ನೆ."

ಅತ್ತೆ ಚೀಲವನ್ನು ಒಮ್ಮೆ ನೋಡಿದಳು, ಹಿಂದೆ ನಿಂತ ಹೆಂಗಸರನ್ನು ಒಮ್ಮೆ ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

"ಬರೀರಿ ಮತ್ತೆ," ಎಂದಳು. "ಮೂವತ್ತೆಂಟು ಕತ್ತರಿ, ತೂಕ ಸೊನ್ನೆ. ಸಹಿ ಹಾಕಿ ಕೊಡಿ."

ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ತೂಕದಪ್ಪ ಬರೆದು, ಸಹಿ ಹಾಕಿ, ಚೀಟಿ ಹರಿದು ಕೊಟ್ಟ.